ಕಲ್ಲಿನ ಬಣ್ಣ, ಹೊತ್ತಿನ ಬಣ್ಣ: ಗುಡಿ-ಗುಹೆಗಳ ಛಾಯಾಗ್ರಾಹಕರಿಗೆ ಬಹಿರಂಗ ಪತ್ರ

ಮಾನ್ಯ ಮಿತ್ರರೇ,

ಬಾದಾಮಿಯ ಮೂರನೆಯ ಗುಹೆಯ ಜಗುಲಿಯಲ್ಲಿ, ಪೂರ್ವದ ತುದಿಗೆ, ಆದಿಶೇಷನ ಸುರುಳಿಯ ಮೇಲೆ ಆಸೀನನಾಗಿರುವ ವಿಷ್ಣುವಿನ ಮೂರ್ತಿಯನ್ನು ನಿಮ್ಮಲ್ಲಿ ಹಲವರು ಚಿತ್ರಿಸಿದ್ದೀರಿ. ಆ ಚಿತ್ರಗಳು ಪತ್ರಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಪ್ರದರ್ಶನದ ಗೋಡೆಗಳ ಮೇಲೆ ಕಾಣಿಸಿಕೊಂಡಿವೆ. ಅವನ್ನು ಒಂದರ ಪಕ್ಕದಲ್ಲೊಂದಿರಿಸಿ ನೋಡುವ ಯಾವ ಸಹೃದಯನಿಗೇ ಆಗಲಿ, ಅವುಗಳ ರಚನೆಯ ಸೊಗಸು ಮೆಚ್ಚುಗೆಯಾಗುವಂತೆಯೇ ಅವುಗಳ ವರ್ಣಗಳ ಪರಸ್ಪರ ವೈರುಧ್ಯವೂ ವಿಸ್ಮಯವನ್ನುಂಟುಮಾಡದೆ ಇರದು. ಒಂದರಲ್ಲಿ ಆ ಶಿಲೆ ಕಾವಿಯ ಕೆಂಪು. ಒಂದರಲ್ಲಿ ಮಾಸಿದ ಕಂದು. ಇನ್ನೊಂದರಲ್ಲಿ ನೇರಿಳೆಯತ್ತ ವಾಲಿದ ಬೂದು. ಮತ್ತೊಂದರಲ್ಲಿ ಅಚ್ಚ ಅರಿಸಿನದ ಹಳದಿ. ಆ ಗುಹೆಯ ನಿರ್ಮಾಣವನ್ನು ತಿಳಿಸುವ ಚಾಲುಕ್ಯ ಮಂಗಲೇಶನ ಶಾಸನದ ಕಾಲ ಶಕ 500, ಎಂದರೆ ಕ್ರಿ.ಶ. 578, ಅಂದಿನಿಂದ ಇಂದಿನವರೆಗೆ ಅದು ಒಂದೇ ಮರಳುಗಲ್ಲಿನ ಬಂಡೆಯಾಗಿ ನಿಂತಿರಲು, ನಮ್ಮ ಚಿತ್ರಗಳಲ್ಲಿ ಮಾತ್ರ ಅದು ನಾಲ್ಕು ಬೇರೆ ಬೇರೆ ಗಣಿಗಳಿಂದ ತಂದ ನಾಲ್ಕು ಕಲ್ಲುಗಳಾಗಿ ತೋರುತ್ತಿದೆ.

ಇದರಲ್ಲಿ ನಿಮ್ಮ ಶ್ರದ್ಧೆಯ ಕೊರತೆಯೇನೂ ನನಗೆ ಕಾಣುವುದಿಲ್ಲ. ಒಂದು ಕಂಬದ ಮೇಲೆ ಓರೆಬಿಸಿಲು ಬೀಳುವ ಗಳಿಗೆಗಾಗಿ ದಿನವಿಡೀ ಕಾಯುವ ತಾಳ್ಮೆಯೂ, ಒಂದು ಮಸೂರಕ್ಕಾಗಿ ವರ್ಷದ ಉಳಿತಾಯವನ್ನು ಒಪ್ಪಿಸುವ ಔದಾರ್ಯವೂ ನಿಮ್ಮಲ್ಲಿರುವುದನ್ನು ನಾನು ಬಲ್ಲೆ. ಆದರೆ ಇಷ್ಟೆಲ್ಲ ಪೂರ್ವಸಿದ್ಧತೆಯ ನಡುವೆ, ಎರಡು ನಿಮಿಷಗಳಲ್ಲಿ ಮುಗಿಯಬಹುದಾದ ಒಂದು ಕರ್ತವ್ಯ, ಎಂದರೆ ಚಿತ್ರ ತೆಗೆಯಲಿರುವ ಸ್ಥಳದಲ್ಲಿಯೇ, ಅಲ್ಲಿ ಬೀಳುತ್ತಿರುವ ಬೆಳಕನ್ನೇ ಅಳೆದು ಕ್ಯಾಮೆರಾದಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸನ್ನು ನಿಗದಿಮಾಡಿಕೊಳ್ಳುವ ಕರ್ತವ್ಯ, ಬಹುಮಂದಿಯಿಂದ ಉಪೇಕ್ಷಿತವಾಗಿದೆ. ಕಲ್ಲಿನ ಬಣ್ಣ ಕಲ್ಲಿಗೆ ಸೇರಿದ್ದು, ಬೆಳಕಿನ ಬಣ್ಣ ಹೊತ್ತಿಗೆ ಸೇರಿದ್ದು. ಇವೆರಡನ್ನೂ ಬೇರ್ಪಡಿಸಿ ತಿಳಿದವನು ಮಾತ್ರ ಇವೆರಡನ್ನೂ ತನ್ನ ಇಚ್ಛೆಯಂತೆ ಕೂಡಿಸಬಲ್ಲನು: ಈ ಪತ್ರದಲ್ಲಿ ನಾನು ನಿವೇದಿಸಬೇಕೆಂದಿರುವುದು ಇಷ್ಟೇ. ಇದರ ಹಿಂದಿರುವ ಕಾರಣವನ್ನೂ ಕ್ರಮವನ್ನೂ ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಕೊಡಿ.

ಬೆಳಕಿಗೆ ಬಣ್ಣವುಂಟೆಂಬುದು ಕಮ್ಮಾರನ ಕುಲುಮೆಯನ್ನು ನೋಡಿದವರಿಗೆಲ್ಲ ಗೊತ್ತಿರುವ ವಿಷಯ: ಕಾದ ಕಬ್ಬಿಣ ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಹಳದಿಯಾಗಿ, ಇನ್ನೂ ಕಾಯ್ದರೆ ಬೆಳ್ಳಗಾಗಿ ಹೊಳೆಯುತ್ತದೆ. ಕಾಯ್ದ ವಸ್ತು ಯಾವುದೇ ಆಗಿರಲಿ, ಒಂದೇ ಶಾಖದಲ್ಲಿ ಕೆಂಪೇರತೊಡಗುವುದೆಂಬ ಸಂಗತಿಯನ್ನು 1792ರಲ್ಲಿ ಇಂಗ್ಲೆಂಡಿನ ತಾಮಸ್ ವೆಡ್ಜ್‌ವುಡ್ ಎಂಬಾತನು ಪ್ರಕಟಿಸಿದನು. ಬೆಳಕಿನಿಂದ ಚಿತ್ರವನ್ನು ಮೂಡಿಸುವ ಪ್ರಯೋಗಗಳನ್ನು ಕೈಗೊಂಡು, 1802ರಲ್ಲಿ ಅವುಗಳ ವೃತ್ತಾಂತ ಪ್ರಕಟವಾಗಲು ಕಾರಣನಾದವನೂ ಇವನೇ ಎಂಬುದು ನಮ್ಮ ಕಲೆಯ ಚರಿತ್ರೆಯಲ್ಲಿ ನೆನೆಯತಕ್ಕ ಮಾತು. 1848ರಲ್ಲಿ ವಿಲಿಯಂ ತಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು, ನಿರಪೇಕ್ಷ ತಾಪಮಾನದ ಮಾನವನ್ನು ಸೂಚಿಸಿದನು. 1900ರಲ್ಲಿ ಮ್ಯಾಕ್ಸ್ ಪ್ಲಾಂಕನು ಶಾಖಕ್ಕೂ ಹೊಮ್ಮುವ ಬೆಳಕಿನ ವರ್ಣಕ್ಕೂ ಇರುವ ಸಂಬಂಧವನ್ನು ಗಣಿತದ ನಿಯಮವಾಗಿ ನಿರೂಪಿಸಿದನು. ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ಕಾಣುವ ಕೆಲ್ವಿನ್ ಅಂಕಿಗಳಿಗೆ ಮೂಲ ಇದೇ. ಮೊಂಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್. ಮನೆಯ ಹಳೆಯ ತಂತಿಬಲ್ಬು 2700. ನಡುಹಗಲ ಬಿಸಿಲು 5500. ಮೋಡ ಮುಸುಕಿದ ಆಕಾಶ 6500. ನಿರಭ್ರವಾದ ದಿನದ ನೆರಳು 7000ದಿಂದ 8000. ಸೂರ್ಯನ ನೇರ ಕಿರಣ ತಾಗದ, ಕೇವಲ ನೀಲಾಕಾಶದಿಂದ ಇಳಿದುಬರುವ ಬೆಳಕು 10,000ವನ್ನೂ ಮೀರುವುದುಂಟು. ಅಂಕಿ ಏರಿದಷ್ಟೂ ಬೆಳಕು ನೀಲಿಯತ್ತ, ಇಳಿದಷ್ಟೂ ಕೆಂಪಿನತ್ತ ಸಾಗುತ್ತದೆ.

ಇಷ್ಟೊಂದು ವ್ಯತ್ಯಾಸವಿದ್ದರೂ ದೀಪದ ಬಳಿಯಲ್ಲಿಯೂ ಬಿಸಿಲಿನಲ್ಲಿಯೂ ಮಲ್ಲಿಗೆಯ ಹೂವು ನಮಗೆ ಬಿಳಿದಾಗಿಯೇ ಕಾಣುವುದಾದರೆ, ಅದು ಕಣ್ಣು ಮತ್ತು ಮಿದುಳುಗಳ ಅನುಗ್ರಹ. ಕಣ್ಣಿನಲ್ಲಿರುವ ಮೂರು ಬಗೆಯ ವರ್ಣಗ್ರಾಹಿಗಳು ತಂತಮ್ಮ ಸೂಕ್ಷ್ಮತೆಯನ್ನು ಸುತ್ತಲಿನ ಬೆಳಕಿಗೆ ತಕ್ಕಂತೆ ಪ್ರತ್ಯೇಕ ಪ್ರತ್ಯೇಕವಾಗಿ ಹೆಚ್ಚಿಸಿಕೊಳ್ಳುತ್ತವೆ ಅಥವಾ ತಗ್ಗಿಸಿಕೊಳ್ಳುತ್ತವೆ ಎಂಬ ಕಲ್ಪನೆಯನ್ನು 1902ರಲ್ಲಿ ಜರ್ಮನಿಯ ಯೋಹಾನೆಸ್ ಫಾನ್ ಕ್ರೀಸ್ ಮಂಡಿಸಿದನು. ನಮ್ಮ ಬೆಂಗಳೂರಿನಲ್ಲಿಯೇ, ಸರ್ ಸಿ. ವಿ. ರಾಮನ್ ಅವರು ತಮ್ಮ ಜೀವಿತದ ಕೊನೆಯ ವರ್ಷಗಳನ್ನು ಹೂವುಗಳ ಬಣ್ಣವನ್ನೂ ಮನುಷ್ಯನ ವರ್ಣದರ್ಶನವನ್ನೂ ಕುರಿತ ಶೋಧನೆಗೆ ಮೀಸಲಿರಿಸಿ, ದೃಷ್ಟಿಯ ಶರೀರಶಾಸ್ತ್ರವನ್ನು ಕುರಿತ ಗ್ರಂಥವೊಂದನ್ನು 1968ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ವಿಜ್ಞಾನಿಗೂ ವಾರ್ಧಕ್ಯದ ದಿನಗಳನ್ನು ತುಂಬುವಷ್ಟು ಗಹನವಾಗಿ ತೋರಿದ ವಿಷಯವನ್ನು ನಾವು ಒಂದು ಗುಂಡಿಯ ಪಾಲಿಗೆ ಬಿಟ್ಟು ನಿಶ್ಚಿಂತರಾಗುವುದು ಉಚಿತವಲ್ಲ.

ಕ್ಯಾಮೆರಾದ ಸಂವೇದಕಕ್ಕೆ ಕಣ್ಣಿನ ಈ ಹೊಂದಾಣಿಕೆ ಸಹಜವಾಗಿ ಬಂದಿಲ್ಲ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬಾತನಿಗೆ 1976ರಲ್ಲಿ ಹಕ್ಕುಪತ್ರ ದೊರೆತ ವಿನ್ಯಾಸದಂತೆ, ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರನ್ನೂ, ಒಂದು ಕೆಂಪನ್ನೂ, ಒಂದು ನೀಲಿಯನ್ನೂ ಗ್ರಹಿಸಿ, ಬಂದಷ್ಟು ಬೆಳಕನ್ನು ಬಂದ ಹಾಗೆಯೇ ಅದು ದಾಖಲು ಮಾಡುತ್ತದೆ. ಆಮೇಲೆ ಕೆಂಪಿನ ಮತ್ತು ನೀಲಿಯ ಅಂಕಿಗಳನ್ನು ಸೂಕ್ತವಾದ ಗುಣಕಗಳಿಂದ ಗುಣಿಸಿ ಹಸಿರಿಗೆ ಸಮಮಾಡಿದಾಗ, ನಿರ್ವರ್ಣವಾದ ವಸ್ತು ಚಿತ್ರದಲ್ಲಿಯೂ ನಿರ್ವರ್ಣವಾಗಿ ತೋರುತ್ತದೆ. ವೈಟ್ ಬ್ಯಾಲೆನ್ಸ್ ಎಂದರೆ ಈ ಗುಣಾಕಾರವೇ. ಉಳಿದ ಪ್ರಶ್ನೆಯೆಲ್ಲ ಆ ಗುಣಕಗಳನ್ನು ಯಾರು, ಯಾವ ಆಧಾರದ ಮೇಲೆ ನಿಶ್ಚಯಿಸಬೇಕೆಂಬುದು.

ಆಟೋ ಎಂಬ ಸ್ವಯಂಚಾಲಿತ ವ್ಯವಸ್ಥೆಗೆ ಅದನ್ನು ಒಪ್ಪಿಸಿದರೆ, ಅದು ಚಿತ್ರದಲ್ಲಿರುವ ಬಣ್ಣಗಳನ್ನೇ ನೋಡಿ ಬೆಳಕಿನ ಬಣ್ಣವನ್ನು ಊಹಿಸುತ್ತದೆ. ಈ ಊಹೆಗಳಲ್ಲಿ ಅತ್ಯಂತ ಪುರಾತನವಾದದ್ದು, ಲೋಕದ ದೃಶ್ಯಗಳ ಬಣ್ಣಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬೂದು ಬರುತ್ತದೆ ಎಂಬ ಭಾವನೆ. ಇಂದಿನ ಕ್ಯಾಮೆರಾಗಳು ಇದಕ್ಕಿಂತ ಎಷ್ಟೋ ನಿಪುಣವಾದ ಲೆಕ್ಕಗಳನ್ನು ಮಾಡುವುವಾದರೂ, ಎದುರಿನ ದೃಶ್ಯವನ್ನಲ್ಲದೆ ಬೇರೊಂದನ್ನು ಕಾಣದ ಅವುಗಳ ಮಿತಿ ತಪ್ಪಿದ್ದಲ್ಲ. ಪೇಟೆಬೀದಿಯಲ್ಲಿ, ನಾನಾ ವರ್ಣಗಳು ಬೆರೆತಿರುವಲ್ಲಿ, ಆ ಊಹೆ ಬಹುಮಟ್ಟಿಗೆ ಸರಿಯಾಗುತ್ತದೆ. ಬಾದಾಮಿಯಲ್ಲಿಯೋ, ಗೋಡೆ ಕೆಂಪು, ಕಂಬ ಕೆಂಪು, ನೆಲ ಕೆಂಪು, ಮೇಲ್ಛಾವಣಿ ಕೆಂಪು. ಇದು ಕಲ್ಲಿನ ಕೆಂಪೋ ಬೆಳಕಿನ ಕೆಂಪೋ ಎಂಬುದನ್ನು ನಿರ್ಣಯಿಸಲು ಯಂತ್ರಕ್ಕೆ ಸಾಕ್ಷ್ಯವೇ ಇಲ್ಲ. ಅದು ಬೆಳಕನ್ನೇ ಅಪರಾಧಿಯೆಂದು ಬಗೆದು, ನೀಲಿಯನ್ನು ಹೆಚ್ಚಿಸಿ, ಕೆಂಪನ್ನು ಅಡಗಿಸಿ, ಚಾಲುಕ್ಯರ ಮರಳುಗಲ್ಲಿಗೆ ಪ್ರೇತಕಳೆಯನ್ನು ತರುತ್ತದೆ. ಚೌಕಟ್ಟಿನೊಳಗೆ ಆಕಾಶದ ಒಂದು ತುಂಡು ಬಂದರೆ ಅದರ ಊಹೆ ಬದಲಾಗುತ್ತದೆ. ಹಳದಿ ಸೀರೆಯುಟ್ಟ ಯಾತ್ರಿಕಳೊಬ್ಬಳು ಹಾದುಹೋದರೆ ಮತ್ತೆ ಬದಲಾಗುತ್ತದೆ. ಒಂದೇ ಮೂರ್ತಿಯ ಹತ್ತು ಚಿತ್ರಗಳಲ್ಲಿ ಹತ್ತು ಬಣ್ಣಗಳು ಮೂಡುವುದು ಹೀಗೆ.

ಬಿಸಿಲು, ಮೋಡ, ನೆರಳು ಎಂಬ ಸಿದ್ಧ ಆಯ್ಕೆಗಳನ್ನು ಬಳಸಿದರೆ ಸಾಲದೇ ಎಂದು ಕೇಳುವವರುಂಟು. ಅವು ಆಟೋಗಿಂತ ಮೇಲು, ಏಕೆಂದರೆ ಕನಿಷ್ಠ ಪಕ್ಷ ಚಿತ್ರದಿಂದ ಚಿತ್ರಕ್ಕೆ ಬದಲಾಗುವುದಿಲ್ಲ. ಆದರೆ ಅವು ಸರಾಸರಿಯ ಅಂಕಿಗಳೇ ಹೊರತು ನೀವು ನಿಂತ ಸ್ಥಳದ ಅಂಕಿಗಳಲ್ಲ. ಕೆಲ್ವಿನ್ ಅಂಕಿಯನ್ನು ಕೈಯಿಂದಲೇ ತಿರುಗಿಸುವವರೂ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದಾಗಿ, ಆ ಅಂಕಿಗಳ ಅಂತರ ಎಲ್ಲೆಡೆಯೂ ಸಮಾನ ಫಲವನ್ನು ಕೊಡುವುದಿಲ್ಲ. ಹತ್ತು ಲಕ್ಷವನ್ನು ಕೆಲ್ವಿನ್ ಅಂಕಿಯಿಂದ ಭಾಗಿಸಿದರೆ ಬರುವ ಮಿರೆಡ್ ಎಂಬ ಮಾನದಲ್ಲಿ, 2500ರಿಂದ 3000ಕ್ಕೆ ಏರಿದಾಗ ಆಗುವ ಬದಲಾವಣೆ 67. 5500ರಿಂದ 6000ಕ್ಕೆ ಏರಿದಾಗ ಆಗುವುದು ಕೇವಲ 15. ಅಂದರೆ, ದೀಪದ ಬೆಳಕಿನಲ್ಲಿ ಅಲ್ಪ ಪ್ರಮಾದವೂ ಕಣ್ಣಿಗೆ ಹೊಡೆಯುತ್ತದೆ. ಹಗಲಿನಲ್ಲಿ ಅಷ್ಟೇ ಪ್ರಮಾದ ಕ್ಷಮ್ಯವಾಗುತ್ತದೆ. ಎರಡನೆಯದಾಗಿ, ಕೆಲ್ವಿನ್ ಎಂಬುದು ನೀಲಿ-ಹಳದಿಗಳ ಒಂದು ದಾರಿಯನ್ನು ಮಾತ್ರ ಅಳೆಯುತ್ತದೆ. ಹಸಿರು-ಕೆನ್ನೇರಿಳೆಗಳ ಇನ್ನೊಂದು ದಾರಿ ಅದಕ್ಕೆ ಅಡ್ಡಲಾಗಿ ಹೋಗುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿಯೂ, ಮರಗಳ ಎಲೆಗಳಿಂದ ಸೋಸಿ ಬಂದ ಮಲೆನಾಡಿನ ಬೆಳಕಿನಲ್ಲಿಯೂ ಇರುವ ಹಸಿರು ಛಾಯೆಯನ್ನು ಕೆಲ್ವಿನ್ ಅಂಕಿಯನ್ನು ಎಷ್ಟು ತಿರುಗಿಸಿದರೂ ತೆಗೆಯಲಾಗದು. ಸ್ಥಳದಲ್ಲಿ ಅಳೆದು ಪಡೆದ ಕಸ್ಟಮ್ ವೈಟ್ ಬ್ಯಾಲೆನ್ಸ್ ಈ ಎರಡು ದಾರಿಗಳನ್ನೂ ಒಂದೇ ಸಲಕ್ಕೆ ಸರಿಪಡಿಸುತ್ತದೆ. ಅದರ ದೊಡ್ಡ ಗುಣ ಇದು.

ಇನ್ನು ಬಾದಾಮಿಯ ಗುಹೆಯೊಳಗಣ ಬೆಳಕನ್ನೇ ಸ್ವಲ್ಪ ನಿಧಾನಿಸಿ ನೋಡೋಣ. ಆ ಗುಹೆಗಳು ಉತ್ತರಕ್ಕೆ ಮುಖಮಾಡಿರುವುದರಿಂದ ವರ್ಷದ ಬಹುಭಾಗ ಅವುಗಳ ಒಳಕ್ಕೆ ನೇರವಾದ ಬಿಸಿಲು ಇಳಿಯುವುದಿಲ್ಲ. ಬಾಯಿಯ ಬಳಿಯಲ್ಲಿ ಆಳುವುದು ಆಕಾಶದ ಬೆಳಕು, ಅದು ನೀಲಿ. ಆದರೆ ಹೊರಗಣ ಅಂಗಳದ ಕೆಂಪು ಬಂಡೆಯ ಮೇಲೆ ಬಿದ್ದ ಬಿಸಿಲು ಅಲ್ಲಿಂದ ಪುಟಿದು ಕೆಳಗಿನಿಂದ ಒಳಕ್ಕೆ ಬರುತ್ತದೆ, ಅದು ಕೆಂಪು. ಗುಹೆಯ ಆಳಕ್ಕೆ ಹೋದಂತೆ, ಬೆಳಕು ಕಂಬದಿಂದ ಗೋಡೆಗೆ, ಗೋಡೆಯಿಂದ ಛಾವಣಿಗೆ ಪುಟಿದು, ಪ್ರತಿ ಸ್ಪರ್ಶದಲ್ಲಿಯೂ ತನ್ನ ನೀಲಿಯ ಅಂಶವನ್ನು ಕಲ್ಲಿಗೆ ಒಪ್ಪಿಸಿ, ಇನ್ನಷ್ಟು ಕೆಂಪಾಗುತ್ತ ಹೋಗುತ್ತದೆ. ಹೀಗಾಗಿ ಒಂದನೆಯ ಗುಹೆಯ ಮುಂಭಾಗದಲ್ಲಿರುವ ಹದಿನೆಂಟು ತೋಳುಗಳ ನಟರಾಜನ ಮೇಲಿನ ಬೆಳಕು ಬೇರೆ, ಅದೇ ಗುಹೆಯ ಒಳಗೋಡೆಯ ಬೆಳಕು ಬೇರೆ. ಒಂದೇ ಮೂರ್ತಿಯಲ್ಲಿಯೂ ಮೇಲ್ಮುಖವಾದ ಭುಜದ ಮೇಲೆ ಆಕಾಶದ ತಂಪು, ಕೆಳಮುಖವಾದ ಗದ್ದದಡಿಯಲ್ಲಿ ನೆಲದ ಕೆಂಪು. ಬೆಳಕಿನ ಬಣ್ಣವನ್ನು ಅಳೆಯಲು ಬಳಸುವ ಬೂದು ಕಾರ್ಡನ್ನು ಎಲ್ಲಿ ಹಿಡಿಯಬೇಕು, ಯಾವ ಕಡೆಗೆ ಮುಖಮಾಡಿ ಹಿಡಿಯಬೇಕು ಎಂಬ ಪ್ರಶ್ನೆ ಎಷ್ಟು ಮುಖ್ಯವಾದುದೆಂಬುದು ಇದರಿಂದ ವಿಶದವಾಗುತ್ತದೆ.

ಕಾರ್ಡಿನ ವಿಚಾರವಾಗಿ ಮೊದಲು ಹೇಳಬೇಕಾದದ್ದು, ಅದು ಎಷ್ಟು ಬಿಳಿದು ಎಂಬುದಕ್ಕಿಂತ ಎಷ್ಟು ನಿರ್ವರ್ಣ ಎಂಬುದೇ ಗಣ್ಯ. ಶೇಕಡಾ 18 ಬೆಳಕನ್ನು ಪ್ರತಿಫಲಿಸುವ ಬೂದು ಕಾರ್ಡು ಮೂಲತಃ ಬೆಳಕಿನ ಪ್ರಮಾಣವನ್ನು ಅಳೆಯಲು ಬಂದದ್ದು. ಅಂಥ ಕಾರ್ಡುಗಳೆಲ್ಲವೂ ವರ್ಣದ ದೃಷ್ಟಿಯಿಂದ ಶುದ್ಧವಾಗಿರುತ್ತವೆಂದು ಭಾವಿಸಲಾಗದು. ಆದುದರಿಂದ ವೈಟ್ ಬ್ಯಾಲೆನ್ಸಿಗೆಂದೇ ತಯಾರಾದ ಕಾರ್ಡನ್ನಾಗಲಿ, 1976ರಲ್ಲಿ ಮ್ಯಾಕ್‌ಬೆತ್ ಸಂಸ್ಥೆಯಿಂದ ಬಳಕೆಗೆ ಬಂದ 24 ಮನೆಗಳ ವರ್ಣಫಲಕದ ಬೂದು ಮನೆಗಳನ್ನಾಗಲಿ ಆಶ್ರಯಿಸುವುದು ಲೇಸು. ಕೈಗೆ ಸಿಕ್ಕಿದ ಬಿಳಿಯ ಕಾಗದವನ್ನು ನಂಬಬೇಡಿ: ಇಂದಿನ ಕಾಗದಗಳಲ್ಲಿ ಬೆರೆಸುವ ಹೊಳಪುಕಾರಕ ದ್ರವ್ಯಗಳು ಅದೃಶ್ಯವಾದ ಅತಿನೇರಳೆ ಕಿರಣಗಳನ್ನು ಹೀರಿ ನೀಲಿ ಬೆಳಕಾಗಿ ಹೊಮ್ಮಿಸುವುದರಿಂದ, ಅದನ್ನು ಬಿಳಿದೆಂದು ನಂಬಿದ ಕ್ಯಾಮೆರಾ ಇಡೀ ಚಿತ್ರಕ್ಕೆ ಹಳದಿಯನ್ನು ಬಳಿಯುತ್ತದೆ. ಅರ್ಚಕರ ಬಿಳಿಯ ಪಂಚೆಯನ್ನೂ ನಂಬಬೇಡಿ, ಅದಕ್ಕೆ ನೀಲಿ ಹಾಕಿರುತ್ತಾರೆ. ದೇವಸ್ಥಾನದ ಸುಣ್ಣದ ಗೋಡೆಯನ್ನೂ ನಂಬಬೇಡಿ, ಆ ಸುಣ್ಣಕ್ಕೂ ನೀಲಿ ಬೆರೆಸುವ ರೂಢಿಯುಂಟು. ಬೇಲೂರು ಹಳೇಬೀಡುಗಳ ಬಳಪದ ಕಲ್ಲು ಬೂದಾಗಿ ತೋರಿದರೂ ಅದರೊಳಗೆ ಹಸಿರಿನ ಎಳೆಯಿದೆ. ಅದನ್ನೇ ಕಾರ್ಡಾಗಿ ಬಳಸಿದರೆ, ಯಾವ ಹಸಿರನ್ನು ಉಳಿಸಲು ಹೊರಟಿರೋ ಅದನ್ನೇ ಅಳಿಸಿದಂತಾಗುತ್ತದೆ. ಕಾರ್ಡನ್ನು ಕೊಳ್ಳುವ ಅನುಕೂಲವಿಲ್ಲದ ವಿದ್ಯಾರ್ಥಿಗಳಿಗೆ ಒಂದು ಉಪಾಯ: ನಲ್ಲಿ ಜೋಡಿಸುವವರು ತಿರುಪಿಗೆ ಸುತ್ತುವ ಬಿಳಿಯ ಟೆಫ್ಲಾನ್ ಪಟ್ಟಿ, ಹಲವು ಪದರಗಳಾಗಿ ಒಂದು ಗಟ್ಟಿ ಹಲಗೆಯ ಮೇಲೆ ಒತ್ತಾಗಿ ಸುತ್ತಿದರೆ, ಆಶ್ಚರ್ಯಕರವಾದಷ್ಟು ನಿರ್ವರ್ಣವಾದ ಬಿಳುಪನ್ನು ಕೊಡುತ್ತದೆ, ಪ್ರಯೋಗಶಾಲೆಗಳಲ್ಲಿ ಬೆಳಕನ್ನು ಅಳೆಯಲು ಬಳಸುವ ಪ್ರಮಾಣಫಲಕಗಳೂ ಇದೇ ಜಾತಿಯ ದ್ರವ್ಯದಿಂದಾದವು.

ಇನ್ನು ಕ್ರಮ. ಚಿತ್ರಿಸಲಿರುವ ಮೂರ್ತಿಯ ಆದಷ್ಟು ಸಮೀಪದಲ್ಲಿ, ಆದರೆ ಶಿಲ್ಪವನ್ನು ಮುಟ್ಟದೆ, ಅದರ ಮುಖ್ಯವಾದ ಮೈ ಯಾವ ಕಡೆಗೆ ತಿರುಗಿದೆಯೋ ಆ ಕಡೆಗೇ ಕಾರ್ಡು ತಿರುಗಿರುವಂತೆ ಹಿಡಿಯತಕ್ಕದ್ದು. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ನಿಮ್ಮ ಅಂಗಿಯ ಬಣ್ಣವೂ ಅದರ ಮೇಲೆ ಪುಟಿಯದಿರಲಿ, ಕೆಂಪು ಅಂಗಿ ತೊಟ್ಟು ಇಕ್ಕಟ್ಟಾದ ಗರ್ಭಾಂಕಣದಲ್ಲಿ ನಿಂತವನು ತಾನೇ ಒಂದು ಕೆಂಪು ದೀಪವಾಗುತ್ತಾನೆ. ಕಾರ್ಡು ಚೌಕಟ್ಟಿನ ಮಧ್ಯಭಾಗವನ್ನು ಸಂಪೂರ್ಣವಾಗಿ ತುಂಬಲಿ. ಬರಿದಾದ ಮೈಯನ್ನು ಕಂಡು ಆಟೋಫೋಕಸ್ ತಡವರಿಸುವುದರಿಂದ ಫೋಕಸನ್ನು ಕೈಗೆ ತೆಗೆದುಕೊಳ್ಳಿ. ಕಾರ್ಡು ಮಸುಕಾಗಿ ಬಂದರೆ ಬಾಧಕವಿಲ್ಲ. ಬಾಧಕವಾಗುವುದು ಎಕ್ಸ್‌ಪೋಷರಿನ ದೋಷ: ಮೂರು ವರ್ಣಗಳಲ್ಲಿ ಯಾವುದೊಂದು ಅತಿಯಾಗಿ ತುಂಬಿ ತುಳುಕಿದರೂ ಅವುಗಳ ಅನುಪಾತವೇ ಸುಳ್ಳಾಗುತ್ತದೆ, ತೀರ ಕತ್ತಲೆಯಾದರೆ ಸಂವೇದಕದ ಗದ್ದಲವೇ (ನಾಯ್ಸ್) ಬಣ್ಣವೆಂದು ಗಣನೆಗೆ ಬರುತ್ತದೆ. ಹಿಸ್ಟೋಗ್ರಾಮಿನ ನಡುವಿನಲ್ಲಿ ಕಾರ್ಡಿನ ಶಿಖರ ನಿಲ್ಲುವಂತೆ ನೋಡಿಕೊಂಡರೆ ಸಾಕು.

ಕ್ಯಾನನ್ ಕ್ಯಾಮೆರಾಗಳಲ್ಲಿ ಮೊದಲು ಕಾರ್ಡಿನ ಚಿತ್ರವನ್ನು ತೆಗೆದು, ಮೆನುವಿನ ಕಸ್ಟಮ್ ವೈಟ್ ಬ್ಯಾಲೆನ್ಸ್ ವಿಭಾಗದಲ್ಲಿ ಆ ಚಿತ್ರವನ್ನು ಆಧಾರವೆಂದು ಆರಿಸಿ, ಅನಂತರ ವೈಟ್ ಬ್ಯಾಲೆನ್ಸಿನ ಆಯ್ಕೆಯನ್ನೂ ಕಸ್ಟಮ್‌ಗೆ ತಿರುಗಿಸಬೇಕು; ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ಮಾಡಿದ ಅಳತೆಯೆಲ್ಲ ನಿಷ್ಫಲ. ನಿಕಾನ್ ಕ್ಯಾಮೆರಾಗಳಲ್ಲಿ ಪ್ರೀಸೆಟ್ ಮ್ಯಾನ್ಯುಯಲ್ ಎಂಬುದನ್ನು ಆರಿಸಿ, ಅಳತೆಯ ಸೂಚನೆ ಮಿನುಗತೊಡಗಿದ ಮೇಲೆ ಕಾರ್ಡಿನತ್ತ ಗುರಿಯಿಟ್ಟು ಗುಂಡಿಯೊತ್ತಿದರೆ, ಅಳತೆ ಸ್ವೀಕೃತವಾಯಿತೋ ಇಲ್ಲವೋ ಎಂಬುದನ್ನು ಕ್ಯಾಮೆರಾ ತಾನೇ ತಿಳಿಸುತ್ತದೆ. ಬೇರೆ ತಯಾರಕರ ಯಂತ್ರಗಳಲ್ಲಿ ಹೆಸರುಗಳು ಬೇರೆಯಾದರೂ ತತ್ತ್ವ ಒಂದೇ. ಮಸೂರದ ಮೇಲೆ ಮುಚ್ಚುವ ಅರೆಪಾರದರ್ಶಕ ಬಿಲ್ಲೆಗಳನ್ನು ಬಳಸುವವರು ಮಾತ್ರ, ಮೂರ್ತಿಯಿರುವ ಸ್ಥಳದಲ್ಲಿ ನಿಂತು ಬೆಳಕು ಬರುವ ಕಡೆಗೆ ಕ್ಯಾಮೆರಾವನ್ನು ತಿರುಗಿಸಬೇಕು, ಏಕೆಂದರೆ ಅದು ಅಳೆಯುವುದು ಬಂದ ಬೆಳಕನ್ನು, ಪುಟಿದ ಬೆಳಕನ್ನಲ್ಲ. ಕಛೇರಿಗೆ ಕುಳಿತ ವಿದ್ವಾಂಸನು ಎಷ್ಟೇ ಪ್ರತಿಭಾವಂತನಾಗಿರಲಿ, ತಂಬೂರಿಯ ಶ್ರುತಿ ಸೇರಿಸದೆ ರಾಗಕ್ಕೆ ಕೈಹಾಕುವುದಿಲ್ಲ. ಸ್ಥಳದಲ್ಲಿ ತೆಗೆದ ಈ ಅಳತೆ ನಮ್ಮ ಕಲೆಯ ಶ್ರುತಿ ಸೇರಿಸುವಿಕೆ, ಸಭೆ ಬದಲಾದಂತೆ ಅದನ್ನು ಪುನಃ ಮಾಡುವುದೂ ಅಷ್ಟೇ ಅವಶ್ಯ.

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗ ಇನ್ನೊಂದು ಬಗೆಯ ಪರೀಕ್ಷೆಯನ್ನು ಒಡ್ಡುತ್ತದೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಆ ಗುಡಿಯೊಳಗೆ ಬಾಗಿಲುಗಳಿಂದಲೂ ಜಾಲಂಧ್ರಗಳಿಂದಲೂ ಹಗಲು ತೂರಿಬರುತ್ತದೆ. ಕಂಬಗಳ ಮದನಿಕೆಯರನ್ನೂ ಭುವನೇಶ್ವರಿಯೆಂಬ ನಡುಛಾವಣಿಯನ್ನೂ ಕಾಣಿಸಲು ವಿದ್ಯುದ್ದೀಪ ಹೊತ್ತುತ್ತದೆ. ಎರಡು ಬಣ್ಣದ ಬೆಳಕುಗಳು ಬೆರೆತಲ್ಲಿ ಒಂದೇ ಗುಣಕದಿಂದ ಎರಡನ್ನೂ ಸರಿಪಡಿಸುವುದು ಅಸಾಧ್ಯ: ಹಗಲಿಗೆ ಸಮಮಾಡಿದರೆ ದೀಪ ಬಿದ್ದ ಕಡೆ ಕಿತ್ತಳೆ, ದೀಪಕ್ಕೆ ಸಮಮಾಡಿದರೆ ಬಾಗಿಲ ಬದಿ ನೀಲಿ. ಇಲ್ಲಿ ಅಳತೆಗಿಂತ ಮೊದಲು ವಿವೇಚನೆ ನಡೆಯಬೇಕು. ಚಿತ್ರದ ಜೀವ ಯಾವ ಮೈಯಲ್ಲಿದೆಯೋ ಅಲ್ಲಿಯ ಬೆಳಕಿಗೆ ಕಾರ್ಡನ್ನು ಒಡ್ಡಿ. ಉಳಿದ ಬೆಳಕನ್ನು ಚೌಕಟ್ಟಿನಿಂದ ಹೊರಗಿಡಲು ಕೋನವನ್ನು ಬದಲಿಸಿ. ದೀಪವನ್ನು ಆರಿಸಲು ಸಾಧ್ಯವೇ ಎಂದು ಅರ್ಚಕರನ್ನೋ ಕಾವಲಿನವರನ್ನೋ ವಿನಯದಿಂದ ಕೇಳಿ ನೋಡಿ. ಎಲ್‌ಇಡಿ ದೀಪಗಳಲ್ಲಿ ಅಗ್ಗದವು ಕೆಂಪಿನ ಅಂಶವನ್ನು ಅಲ್ಪವಾಗಿ ಮಾತ್ರ ಹೊಮ್ಮಿಸುತ್ತವೆ; ಬೆಳಕಿನಲ್ಲಿಯೇ ಇಲ್ಲದ ಬಣ್ಣವನ್ನು ಯಾವ ಗುಣಾಕಾರವೂ ಸೃಷ್ಟಿಸಲಾರದು. ಇದರ ಪರಮಾವಧಿಯನ್ನು ಕಡಿಮೆ ಒತ್ತಡದ ಸೋಡಿಯಂ ದೀಪದಲ್ಲಿ ಕಾಣಬಹುದು: ಅದರ ಬೆಳಕೆಲ್ಲ 589 ನ್ಯಾನೋಮೀಟರಿನ ಸುತ್ತಲ ಹಳದಿಯಲ್ಲಿಯೇ ಅಡಕವಾಗಿರುವುದರಿಂದ, ಅದರ ಕೆಳಗೆ ಕುಂಕುಮವೂ ಎಲೆಯೂ ಒಂದೇ ಬಗೆಯ ಮಸಿಯಾಗಿ ತೋರುತ್ತವೆ.

ಭಿತ್ತಿಚಿತ್ರಗಳ ವಿಷಯದಲ್ಲಿ ನನ್ನ ಪ್ರಾರ್ಥನೆ ಇನ್ನೂ ಗಾಢವಾದದ್ದು. ಬಾದಾಮಿಯ ಮೂರನೆಯ ಗುಹೆಯ ಮೇಲ್ಭಾಗದಲ್ಲಿ ಅಳಿದುಳಿದಿರುವ ವರ್ಣಚಿತ್ರಗಳಾಗಲಿ, ಹಂಪೆಯ ವಿರೂಪಾಕ್ಷನ ರಂಗಮಂಟಪದ ಛಾವಣಿಯ ಚಿತ್ರಗಳಾಗಲಿ, ಕಾಲಕ್ರಮದಲ್ಲಿ ಕ್ಷೀಣಿಸುತ್ತಿರುವ ಸಂಪತ್ತು. ಅವುಗಳ ಮೇಲೆ ಫ್ಲ್ಯಾಷಿನ ಬೆಳಕನ್ನು ಬೀರಬಾರದೆಂಬುದನ್ನು ನೀವು ಬಲ್ಲಿರಿ. ಇರುವ ಮಂದವಾದ ಬೆಳಕಿನಲ್ಲಿಯೇ ಅವನ್ನು ಚಿತ್ರಿಸಬೇಕಾಗಿರುವುದರಿಂದ ಆ ಬೆಳಕಿನ ಬಣ್ಣವನ್ನು ಅಳೆದಿರುವುದು ಅನಿವಾರ್ಯ. ಮುಂದಿನ ತಲೆಮಾರಿನ ಸಂರಕ್ಷಕನೊಬ್ಬನು, ಅಲ್ಲಿದ್ದ ಕೆಂಪು ಎಷ್ಟು ಕೆಂಪಾಗಿತ್ತು, ಹಸಿರು ಎಷ್ಟು ಉಳಿದಿತ್ತು ಎಂದು ವಿಚಾರಿಸಲು ನಮ್ಮ ಚಿತ್ರಗಳ ಬಳಿಗೆ ಬಂದಾನು. ಪಕ್ಕದಲ್ಲಿ ಬೂದು ಕಾರ್ಡಿನ ಒಂದು ಚೌಕಟ್ಟಿದ್ದರೆ ಅವನಿಗೆ ಉತ್ತರ ಸಿಗುತ್ತದೆ, ಇಲ್ಲದಿದ್ದರೆ ನಮ್ಮ ಅಭಿರುಚಿಯ ದಾಖಲೆ ಮಾತ್ರ ಸಿಗುತ್ತದೆ.

ರಾ ಕಡತದಲ್ಲಿ ಚಿತ್ರಿಸುವವರು ಇದನ್ನೆಲ್ಲ ಮನೆಗೆ ಬಂದಮೇಲೆ ಸರಿಪಡಿಸಬಹುದಲ್ಲವೇ ಎಂಬ ಆಕ್ಷೇಪಣೆಯನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಜೆಪೆಗ್ ಚಿತ್ರದಲ್ಲಿ ಗುಣಾಕಾರ ಮುಗಿದು ಹೋಗಿರುತ್ತದೆ, ರಾ ಕಡತದಲ್ಲಿ ಸಂವೇದಕದ ಅಂಕಿಗಳು ಮೂಲರೂಪದಲ್ಲಿ ಉಳಿದಿರುತ್ತವೆ. ಬದಲಾಯಿಸುವ ಸ್ವಾತಂತ್ರ್ಯ ಅಲ್ಲಿ ಪೂರ್ಣವಾಗಿದೆಯೆಂಬುದು ನಿಜ. ಆದರೆ ಸ್ವಾತಂತ್ರ್ಯವಿದ್ದ ಮಾತ್ರಕ್ಕೆ ಜ್ಞಾನವಿದ್ದಂತಾಗಲಿಲ್ಲ. ಎಷ್ಟು ಬದಲಾಯಿಸಬೇಕೆಂದು ಕೇಳಿದರೆ ಕಡತ ಉತ್ತರ ಕೊಡದು. ನೆನಪು ಉತ್ತರ ಕೊಡುತ್ತದೆ, ಆದರೆ ನೆನಪು ಬಣ್ಣವನ್ನು ಇದ್ದುದಕ್ಕಿಂತ ಗಾಢವಾಗಿ ಚಿತ್ರಿಸುವ ಸ್ವಭಾವದ್ದು. ಅದರ ಮೇಲೆ, ನೀವು ನೋಡುವ ಕಂಪ್ಯೂಟರಿನ ಪರದೆ 6500 ಕೆಲ್ವಿನ್ನಿಗೆ ಹೊಂದಿದೆಯೋ ಇಲ್ಲವೋ, ಕೋಣೆಯ ದೀಪ ನಿಮ್ಮ ಕಣ್ಣನ್ನು ಯಾವ ಕಡೆಗೆ ವಾಲಿಸಿದೆಯೋ, ಇವೂ ಆ ನಿರ್ಣಯದಲ್ಲಿ ಕೈಹಾಕುತ್ತವೆ. ಸ್ಥಳದಲ್ಲಿ ತೆಗೆದ ಕಾರ್ಡಿನ ಚಿತ್ರವೊಂದಿದ್ದರೆ ಈ ಎಲ್ಲ ಸಂದೇಹಗಳಿಗೂ ಆಚೆಗಿನ ಒಂದು ಪ್ರಮಾಣ ನಿಮ್ಮ ಕೈಯಲ್ಲಿರುತ್ತದೆ. ಆದುದರಿಂದ ರಾ ಬಳಸುವವರಿಗೆ ಕಾರ್ಡು ಅನಾವಶ್ಯಕವೆನ್ನುವುದಕ್ಕಿಂತ, ಕಾರ್ಡಿನ ಪೂರ್ಣಪ್ರಯೋಜನ ಸಿಗುವುದು ಅವರಿಗೇ ಎನ್ನುವುದು ಯುಕ್ತ.

ಎರಡನೆಯ ಆಕ್ಷೇಪಣೆ ರಸಿಕರದು, ಮತ್ತು ಅದು ನನ್ನ ಹೃದಯಕ್ಕೆ ಹತ್ತಿರವಾದದ್ದು. ಮಾತಂಗ ಪರ್ವತದ ಮೇಲಿಂದ ಕಾಣುವ ಹಂಪೆಯ ಅರುಣೋದಯದ ಹೊಂಬಣ್ಣವನ್ನು ಅಳೆದು ಬೂದಾಗಿಸುವುದು ಯಾವ ಧರ್ಮ, ಗರ್ಭಗುಡಿಯ ನಂದಾದೀಪದ ಕೆಂಬೆಳಕನ್ನು ಹಾಲುಬೆಳಕಾಗಿ ಮಾರ್ಪಡಿಸುವುದು ಯಾವ ಕಲೆ ಎಂದು ಅವರು ಕೇಳುತ್ತಾರೆ. ಹಾಗೆ ಮಾಡಬೇಕೆಂದು ನಾನು ಹೇಳಲಾರೆ. ಹೊತ್ತಿನ ಬಣ್ಣವೇ ಚಿತ್ರದ ವಿಷಯವಾಗಿರುವಲ್ಲಿ ಅದನ್ನು ಅಳಿಸುವುದು ರಸಘಾತ. ಅಲ್ಲಿ ಕ್ಯಾಮೆರಾವನ್ನು 5500ರ ಹಗಲಿಗೆ ಸ್ಥಿರಗೊಳಿಸಿ, ಬೆಳಗಿನ ಕೆಂಪನ್ನು ಬೆಳಗಿನ ಕೆಂಪಾಗಿಯೇ ಬಿಡತಕ್ಕದ್ದು. ನಮ್ಮ ಕಣ್ಣೂ ಬೆಳಕಿಗೆ ಸಂಪೂರ್ಣವಾಗಿ ಹೊಂದಿಕೊಳ್ಳುವುದಿಲ್ಲ. ದೀಪದ ಬೆಳಕಿನಲ್ಲಿ ಸ್ವಲ್ಪ ಬಿಸುಪು ಉಳಿದೇ ಇರುತ್ತದೆ. ಆ ಕಾರಣ ಅಳತೆಯಂತೆ ಪಡೆದ ಚಿತ್ರಕ್ಕೆ, ಅನುಭವಕ್ಕೆ ಸಮೀಪವಾಗುವಷ್ಟು ಬಿಸುಪನ್ನು ಮರಳಿ ಸೇರಿಸುವುದೂ ಸತ್ಯವೇ. ಆದರೆ ಸೇರಿಸುವವನಿಗೆ ತಾನು ಎಲ್ಲಿಂದ ಹೊರಟೆ, ಎಷ್ಟು ಸೇರಿಸಿದೆ ಎಂಬ ಅರಿವಿರಬೇಕು. ಅಳತೆ ತಿಳಿದವನು ಬಣ್ಣವನ್ನು ವಾಲಿಸಿದರೆ ಅದು ಅವನ ಅಭಿಪ್ರಾಯ; ತಿಳಿಯದವನ ಚಿತ್ರ ವಾಲಿದರೆ ಅದು ಯಂತ್ರದ ಆಕಸ್ಮಿಕ. ಪ್ರತಿ ಮುಖ್ಯ ಶಿಲ್ಪಕ್ಕೂ ನಿರ್ವರ್ಣವಾದ ಬೆಳಕಿಗೆ ತಂದ ಒಂದು ಚಿತ್ರವನ್ನೂ, ನಿಮ್ಮ ಅನುಭವದ ಬೆಳಕಿನ ಒಂದು ಚಿತ್ರವನ್ನೂ ಉಳಿಸಿಕೊಂಡರೆ, ಶಾಸ್ತ್ರಕ್ಕೂ ರಸಕ್ಕೂ ನ್ಯಾಯ ಸಲ್ಲಿಸಿದಂತಾಗುತ್ತದೆ.

ಎಚ್ಚರದ ಮಾತುಗಳು ಕೆಲವೇ. ಮಾಡಿದ ಅಳತೆ ಆ ಬೆಳಕು ಇರುವಷ್ಟು ಹೊತ್ತು ಮಾತ್ರ ಸತ್ಯ: ಮೋಡ ಸರಿದರೆ, ಸಂಜೆ ಇಳಿದರೆ, ಜಗುಲಿಯಿಂದ ಒಳಮಂಟಪಕ್ಕೆ ನೀವು ನಡೆದರೆ, ಮತ್ತೆ ಅಳೆಯಬೇಕು. ಕೆಲಸ ಮುಗಿದ ಮೇಲೆ ಕ್ಯಾಮೆರಾವನ್ನು ಹಗಲಿನ ಸ್ಥಾನಕ್ಕೆ ಹಿಂತಿರುಗಿಸಿ, ಇಲ್ಲವಾದರೆ ಗುಹೆಯ ಅಳತೆ ಊರ ಬೀದಿಯ ಚಿತ್ರಗಳ ಮೇಲೆ ಸವಾರಿ ಮಾಡುತ್ತದೆ. ಕಾರ್ಡನ್ನು ಬಿಸಿಲಿಗೂ ಬೆವರಿಗೂ ಒಡ್ಡದೆ ಚೀಲದಲ್ಲಿಡಿ. ಬೆರಳಿನ ಎಣ್ಣೆ ಹತ್ತಿ ಹಳದಿಗಟ್ಟಿದ ಕಾರ್ಡು ಸುಳ್ಳು ಸಾಕ್ಷಿ. ಮೊಬೈಲಿನಲ್ಲಿ ಚಿತ್ರ ತೆಗೆಯುವವರೂ ಇದರಿಂದ ಹೊರತಲ್ಲ. ಕೆಲವು ಫೋನುಗಳ ಪ್ರೊ ವಿಧಾನದಲ್ಲಿ ಕೆಲ್ವಿನ್ ಅಂಕಿಯನ್ನು ಸ್ಥಿರಗೊಳಿಸುವ ಸೌಕರ್ಯವುಂಟು, ಕಾರ್ಡಿನ ಚಿತ್ರವೊಂದನ್ನು ತೆಗೆದಿಡಲಂತೂ ಯಾವ ಸೌಕರ್ಯವೂ ಬೇಡ.

ಇಷ್ಟನ್ನು ಹೇಳಿದ ಮೇಲೆ, ನಿಮ್ಮೆಲ್ಲರಿಂದ ನಾನು ಬೇಡುವುದು ಮೂರು. ಗುಡಿ-ಗುಹೆಗಳಿಗೆ ಹೋದಾಗ ಪ್ರತಿ ಹೊಸ ಬೆಳಕಿನಲ್ಲಿ ಮೊದಲ ಚಿತ್ರ ಬೂದು ಕಾರ್ಡಿನದಾಗಿರಲಿ, ಮತ್ತು ಆ ಚಿತ್ರವನ್ನು ಉಳಿದವುಗಳೊಂದಿಗೆ ಎಂದೆಂದಿಗೂ ಕಾಪಾಡಿ. ಶಿಬಿರಗಳಲ್ಲಿ ಎಳೆಯರಿಗೆ ಕಲಿಸುವವರು, ಅಪರ್ಚರು ಮತ್ತು ಶಟರುಗಳ ಪಾಠದೊಂದಿಗೇ ಈ ಪಾಠವನ್ನೂ ಸೇರಿಸಿ, ಒಂದು ಮಧ್ಯಾಹ್ನವನ್ನು ಯಾವುದಾದರೊಂದು ಊರಗುಡಿಯ ಮುಖಮಂಟಪದಲ್ಲಿ ಇದಕ್ಕಾಗಿಯೇ ಕಳೆಯಿರಿ. ಛಾಯಾಚಿತ್ರಗಳ ಸ್ಪರ್ಧೆಗಳನ್ನೂ ಪುಸ್ತಕಗಳನ್ನೂ ನಡೆಸುವ ಹಿರಿಯರು, ಶಿಲ್ಪ ಮತ್ತು ಭಿತ್ತಿಚಿತ್ರಗಳ ವಿಭಾಗದಲ್ಲಿ ಕಾರ್ಡಿನ ಚಿತ್ರವನ್ನೂ ಜೊತೆಗೆ ಸಲ್ಲಿಸಬೇಕೆಂದು ನಿಯಮ ಮಾಡಿ. ಆ ನಿಯಮದಿಂದ ಯಾವ ಪ್ರತಿಭೆಯೂ ಕುಗ್ಗದು. ಮಂಗಲೇಶನ ಕಾಲದ ರೂವಾರಿಗಳು ಕಲ್ಲನ್ನು ಆರಿಸುವಾಗ ಅದರ ಗಟ್ಟಿತನದೊಂದಿಗೆ ಅದರ ಬಣ್ಣವನ್ನೂ ನೋಡಿಯೇ ಆರಿಸಿರಬೇಕೆಂದು ನಾನು ನಂಬುತ್ತೇನೆ. ಆ ಊರನ್ನು ಎಂದೂ ಕಾಣದ ಓದುಗನಿಗೆ ಬಾದಾಮಿಯೆಂದರೆ ನಿಮ್ಮ ಚಿತ್ರವೇ ಆಗಿರುವಾಗ, ಆ ಕಲ್ಲಿನ ಬಣ್ಣವನ್ನು ಅವನಿಗೆ ಸರಿಯಾಗಿ ಮುಟ್ಟಿಸುವ ಹೊಣೆ ನಿಮ್ಮದು. ಅದನ್ನು ಹೊರಲು ಬೇಕಾದ ಸಾಮರ್ಥ್ಯ ನಿಮ್ಮಲ್ಲಿ ಧಾರಾಳವಾಗಿದೆಯೆಂಬ ವಿಶ್ವಾಸದಿಂದಲೇ ಈ ಪತ್ರವನ್ನು ಬರೆದಿದ್ದೇನೆ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ಹಿರಿಯ ಸಹೋದ್ಯೋಗಿ